ಕಡಲ ತಳದ ಖರಾಬು

ಅಮ್ಮ ಅಮೆರಿಕಕ್ಕೆ ಬಂದು ಆರು ವಾರವಾಗಿತ್ತು. ದೇವಸ್ಥಾನ, ಕಾಸ್ಟ್‌ಕೋ, ಗೋಲ್ಡನ್ ಗೇಟ್ ಸೇತುವೆ ಮೂರೂ ಮುಗಿದಿದ್ದವು. ಇನ್ನೇನು ತೋರಿಸುವುದೆಂದು ಯೋಚಿಸಿ ಒಂದು ಶನಿವಾರ ಸ್ಯಾನ್ ಹೋಸೆಯಿಂದ ಒಂದೂವರೆ ಗಂಟೆ ದಾರಿಯ ಮಾಂಟೆರೆಗೆ, ಅಲ್ಲಿನ ಅಕ್ವೇರಿಯಮ್ಮಿಗೆ ಕರೆದುಕೊಂಡು ಹೊರಟೆ. "ಸಾಗರದವಳಿಗೆ ಸಾಗರ ತೋರಿಸ್ತೀಯ?" ಎಂದು ಕಾರಿನಲ್ಲಿ ನಕ್ಕಳು. ನಮ್ಮ ಸಾಗರದಲ್ಲಿ ಸಮುದ್ರವಿಲ್ಲ, ಇರುವುದು ಶರಾವತಿಯ ಹಿನ್ನೀರು. ಆ ಹಿನ್ನೀರಿಗೆ ಆಮೇಲೆ ಬರುತ್ತೇನೆ.

ಅಕ್ವೇರಿಯಮ್ಮಿನಲ್ಲಿ ಆಳಸಮುದ್ರದ ಜೀವಿಗಳಿಗೆಂದೇ ಒಂದು ವಿಭಾಗವಿದೆ. 2022ರಲ್ಲಿ ತೆರೆದದ್ದು. ಒಳಗೆ ಕತ್ತಲೆ, ಅಲ್ಲಲ್ಲಿ ಮಂದ ಬೆಳಕು. ಜನರೂ ಯಾಕೋ ಪಿಸುಮಾತಿನಲ್ಲೇ ಮಾತಾಡುತ್ತಾರೆ. ಒಂದು ಪರದೆಯ ಮುಂದೆ ಅಮ್ಮ ನಿಂತುಬಿಟ್ಟಳು. ಕಪ್ಪು ಬಂಡೆಯೊಂದಕ್ಕೆ ಅಂಟಿಕೊಂಡು, ತೋಳುಗಳನ್ನು ಸುರುಳಿ ಸುತ್ತಿಕೊಂಡು ಕೂತ ಆಕ್ಟೋಪಸ್ಸಿನ ಚಿತ್ರ.

"ಇದು ಎಲ್ಲಿರ್ತದೆ?"

"ತುಂಬಾ ಕೆಳಗೆ. ಒಂದೂವರೆ ಕಿಲೋಮೀಟರ್ ಆಳದಲ್ಲಿ."

"ಅಲ್ಲಿ ಎಂತ ಇದೆ?"

"ಎಂತದೂ ಇಲ್ಲಮ್ಮ. ಕತ್ತಲೆ, ಚಳಿ, ಅಷ್ಟೇ."

"ಎಂತದೂ ಇಲ್ಲದ ಜಾಗದಲ್ಲಿ ಇದು ಹ್ಯಾಗಿದೆ ಮತ್ತೆ?"

ನಾನು ನಕ್ಕು ಮುಂದೆ ಹೋದೆ. ಆದರೆ "ಎಂತದೂ ಇಲ್ಲ" ಎಂಬ ಮಾತು ನನ್ನ ಬಾಯಲ್ಲಿ ಅಷ್ಟು ಸಲೀಸಾಗಿ ಬಂದದ್ದಕ್ಕೆ ಕಾರಣವಿತ್ತು. ಅದೇ ವಾರ ಆಫೀಸಿನಲ್ಲಿ ಅದನ್ನೇ ಬೇರೆ ಭಾಷೆಯಲ್ಲಿ ಬರೆದಿದ್ದೆ. ನಾನಿರುವುದು ವಿದ್ಯುತ್ ಕಾರುಗಳ ಬ್ಯಾಟರಿಗೆ ಸಂಬಂಧಪಟ್ಟ ಕೆಲಸದಲ್ಲಿ. ನಿಕ್ಕಲ್, ಕೋಬಾಲ್ಟ್ ಮುಂದೆ ಎಲ್ಲಿಂದ ಬರಬಹುದು ಎಂಬ ಬಗ್ಗೆ ಒಂದು ಟಿಪ್ಪಣಿ ತಯಾರಿಸಬೇಕಿತ್ತು. ಕಾಂಗೋದ ಗಣಿ, ಇಂಡೋನೇಷ್ಯಾದ ಕಾಡು, ಕೊನೆಯಲ್ಲಿ ಪೆಸಿಫಿಕ್ ಸಾಗರದ ತಳ. ಮೊದಲಿನ ಎರಡಕ್ಕೆ ಜನ, ಮಕ್ಕಳು, ಮರ, ನದಿ ಎಂದು ಉದ್ದದ ಪಟ್ಟಿ. ಮೂರನೆಯದರ ಎದುರಿಗೆ ಒಂದೇ ಸಾಲು: ಜನವಸತಿ ಇಲ್ಲದ, ಹೆಚ್ಚುಕಡಿಮೆ ನಿರ್ಜೀವವಾದ ಬಯಲು.

ಈ ಸಾಲನ್ನು ನಾನು ಕೆಟ್ಟ ಉದ್ದೇಶದಿಂದ ಬರೆದದ್ದಲ್ಲ. ಎಲ್ಲರೂ ಹಾಗೆಯೇ ಬರೆಯುತ್ತಿದ್ದರು, ನಾನೂ ಬರೆದೆ. ಅಮ್ಮನ ಪ್ರಶ್ನೆಗೆ ಉತ್ತರ ಹುಡುಕಲು ಹೊರಟ ಮೇಲೆ ಮಾತ್ರ ಆ ಸಾಲು ಗಂಟಲಲ್ಲಿ ಸಿಕ್ಕಿಕೊಂಡಿತು.

ಆಳಸಮುದ್ರವೆಂದರೆ ನಾವು ಒಂದೇ ಕಪ್ಪು ಕೋಣೆ ಎಂದುಕೊಳ್ಳುತ್ತೇವೆ. ಹಾಗಿಲ್ಲ. ಸುಮಾರು 200 ಮೀಟರ್ ಇಳಿಯುವಷ್ಟರಲ್ಲಿ ಗಿಡ, ಪಾಚಿಗಳಿಗೆ ಸಾಲುವ ಬೆಳಕು ಮುಗಿಯುತ್ತದೆ. ಅಲ್ಲಿಂದ 1,000 ಮೀಟರಿನವರೆಗೆ ಮುಸ್ಸಂಜೆಯಂಥ ನೀಲಿ, ಆಮೇಲೆ ಪೂರ್ತಿ ಕತ್ತಲೆ. ಈ ಮುಸ್ಸಂಜೆಯ ಪಟ್ಟಿಯಲ್ಲಿ ಸ್ಟ್ರಾಬೆರಿ ಸ್ಕ್ವಿಡ್ ಎಂಬ ಕೆಂಪು ಪ್ರಾಣಿಯಿದೆ. ಅದರ ಎಡಗಣ್ಣು ದೊಡ್ಡದು, ಬಲಗಣ್ಣು ಚಿಕ್ಕದು. ಮೊದಲ ಸಲ ಚಿತ್ರ ನೋಡಿದಾಗ ಏನೋ ಊನವಿರಬೇಕು ಎಂದುಕೊಂಡಿದ್ದೆ. ಅಲ್ಲ. ದೊಡ್ಡ ಕಣ್ಣು ಮೇಲಕ್ಕೆ ನೋಡುತ್ತದೆ, ಮೇಲಿಂದ ಸೋರಿ ಬರುವ ಕೊನೆಯ ಬೆಳಕಿನ ಎದುರು ಹಾಯುವ ನೆರಳುಗಳನ್ನು ಹಿಡಿಯಲು. ಚಿಕ್ಕದು ಕೆಳಗೆ ನೋಡುತ್ತದೆ, ಕತ್ತಲೆಯಲ್ಲಿ ಮಿಂಚುವ ಜೀವಿಗಳ ಕಿಡಿಗಳನ್ನು ಗುರುತಿಸಲು. ಅದರ ಮುಖವನ್ನು ನೋಡಿದರೆ ಅದು ಎಲ್ಲಿ ವಾಸಿಸುತ್ತದೆ ಎಂದು ಹೇಳಿಬಿಡಬಹುದು, ನಮ್ಮ ಕಡೆ ಕಾಲಿನ ಕೆಸರು ನೋಡಿ ಯಾವ ಗದ್ದೆಯಿಂದ ಬಂದೆ ಎನ್ನುತ್ತಿದ್ದ ಹಾಗೆ.

ಇನ್ನೂ ಕೆಳಗೆ, 600ರಿಂದ 900 ಮೀಟರ್ ಆಸುಪಾಸಿನಲ್ಲಿ, ಆಮ್ಲಜನಕ ತೀರಾ ಕಡಿಮೆ ಇರುವ ನೀರಿನ ಪದರವೊಂದಿದೆ. ಹೆಚ್ಚಿನ ಮೀನುಗಳಿಗೆ ಅದು ಉಸಿರುಗಟ್ಟುವ ಜಾಗ. ಅಲ್ಲಿ ವಾಸಿಸುವವಳು ವ್ಯಾಂಪೈರ್ ಸ್ಕ್ವಿಡ್. ಜರ್ಮನಿಯ ವಾಲ್ಡೀವಿಯಾ ಹಡಗಿನ ಯಾತ್ರೆಯಲ್ಲಿ ಸಿಕ್ಕ ಅದನ್ನು 1903ರಲ್ಲಿ ಕಾರ್ಲ್ ಚುನ್ ವರ್ಣಿಸಿದಾಗ ಲ್ಯಾಟಿನ್ನಿನಲ್ಲಿ ಇಟ್ಟ ಹೆಸರಿನ ಅರ್ಥ, ನರಕದ ರಕ್ತಪಿಪಾಸು ಸ್ಕ್ವಿಡ್. ಪಾಪ, ಅದು ರಕ್ತ ಹೀರುವುದಿಲ್ಲ, ಸರಿಯಾಗಿ ಹೇಳಿದರೆ ಸ್ಕ್ವಿಡ್ ಕೂಡ ಅಲ್ಲ. ಮೇಲಿನಿಂದ ಹಿಮದಂತೆ ಉದುರುವ ಸತ್ತ ಜೀವಿಗಳ ಚೂರು, ಲೋಳೆ, ಹಿಕ್ಕೆ, ಇದನ್ನೆಲ್ಲ ಎಳೆಯೊಂದರಿಂದ ಬಳಿದು ಉಂಡೆ ಮಾಡಿ ತಿನ್ನುತ್ತದೆ ಎಂದು 2012ರಲ್ಲಿ ಮಾಂಟೆರೆ ಕೊಲ್ಲಿಯ ಸಂಶೋಧಕರು ತೋರಿಸಿದರು. ಯಾರೂ ಬರಲಾರದ ಕಡೆ ಮನೆ ಮಾಡಿಕೊಂಡು, ಬಿದ್ದದ್ದನ್ನು ಹೆಕ್ಕಿ ತಿಂದು ಬದುಕುವ ಪ್ರಾಣಿಗೆ ನರಕದ ಹೆಸರು. ಒಬ್ಬರ ಮನೆ ಇನ್ನೊಬ್ಬರಿಗೆ ನರಕವಾಗಿ ಕಾಣುವುದು ಹೊಸದೇನಲ್ಲ. ಮಲೆನಾಡಿನ ಜಡಿಮಳೆಯ ಬಗ್ಗೆ ಬಯಲುಸೀಮೆಯ ನೆಂಟರು ಏನೆನ್ನುತ್ತಿದ್ದರೆಂದು ನನಗೆ ನೆನಪಿದೆ.

ಆಕ್ಟೋಪಸ್ಸುಗಳಲ್ಲಿ ತೀರಾ ಆಳದವರೆಗೆ ಹೋಗಿರುವುದು ಡಂಬೋ ಎಂದು ಕರೆಸಿಕೊಳ್ಳುವ, ಆನೆಯ ಕಿವಿಯಂಥ ರೆಕ್ಕೆಗಳಿರುವ ಜಾತಿ. ಹಿಂದೂ ಮಹಾಸಾಗರದ ಜಾವಾ ಕಂದಕದಲ್ಲಿ 6,957 ಮೀಟರ್ ಆಳದಲ್ಲಿ ಅದು ಕ್ಯಾಮೆರಾಕ್ಕೆ ಸಿಕ್ಕ ವಿಚಾರ 2020ರಲ್ಲಿ ಪ್ರಕಟವಾಯಿತು. ಹಿಮಾಲಯದ ಬಹುಪಾಲು ಶಿಖರಗಳು ಅದರ ತಲೆಯ ಮೇಲಿನ ನೀರಿನಲ್ಲಿ ಮುಳುಗಿಹೋಗುತ್ತವೆ.

ಮತ್ತೆ ದೊಡ್ಡ ಗಾತ್ರದವು. ದೈತ್ಯ ಸ್ಕ್ವಿಡ್ ಎಂಬುದನ್ನು ಬಹುಕಾಲ ದಡಕ್ಕೆ ಬಂದು ಬಿದ್ದ ಹೆಣಗಳಿಂದಲೇ ಅರಿತಿದ್ದೆವು. ಜಪಾನಿನ ಓಗಾಸವಾರ ದ್ವೀಪಗಳ ಬಳಿ 2004ರಲ್ಲಿ ಮೊದಲ ಫೋಟೋ, 2012ರಲ್ಲಿ ಅದರ ಆಳದ ಮನೆಯಲ್ಲೇ ಮೊದಲ ಚಲನಚಿತ್ರ. ಆ 2012ರ ತಂಡದಲ್ಲಿದ್ದ ಎಡಿತ್ ವಿಡರ್ ಎಂಬ ವಿಜ್ಞಾನಿಯ ವಾದ ನನಗೆ ಬಹಳ ಹಿಡಿಸಿತು. ನಾವು ಪ್ರಖರವಾದ ದೀಪ ಹಚ್ಚಿಕೊಂಡು, ಯಂತ್ರದ ಸದ್ದು ಮಾಡುತ್ತ ಕೆಳಗಿಳಿಯುತ್ತೇವೆ. ಅಲ್ಲಿದ್ದವರು ಓಡಿಹೋಗುತ್ತಾರೆ. ಆಕೆ ದೀಪ ಆರಿಸಿ, ಆ ಪ್ರಾಣಿಗಳಿಗೆ ಕಾಣದ ಕೆಂಪು ಬೆಳಕಿನಲ್ಲಿ ಸದ್ದಿಲ್ಲದೆ ಕಾಯುವ ಕ್ಯಾಮೆರಾ ಬಿಟ್ಟರು. ಸ್ಕ್ವಿಡ್ ತಾನಾಗಿ ಹತ್ತಿರ ಬಂತು. ನಮ್ಮ ದೀಪಕ್ಕೆ ಹೆದರಿ ಓಡಿದ ಎಷ್ಟನ್ನು ನಾವು "ಇಲ್ಲ" ಎಂದು ಬರೆದುಕೊಂಡಿದ್ದೇವೋ! ಇನ್ನೂ ಭಾರವಾದ ಕೊಲೋಸಲ್ ಸ್ಕ್ವಿಡ್ಡನ್ನು 1925ರಲ್ಲಿ ತಿಮಿಂಗಿಲದ ಹೊಟ್ಟೆಯಲ್ಲಿ ಸಿಕ್ಕ ತೋಳುಗಳಿಂದ ಗುರುತಿಸಿದ್ದರು. ಅದು ತನ್ನ ಜಾಗದಲ್ಲಿ ಜೀವಂತ ಈಜುವುದನ್ನು ಮನುಷ್ಯ ಚಿತ್ರೀಕರಿಸಿದ್ದು 2025ರ ಮಾರ್ಚ್‌ನಲ್ಲಿ, ದಕ್ಷಿಣ ಸ್ಯಾಂಡ್‌ವಿಚ್ ದ್ವೀಪಗಳ ಬಳಿ 600 ಮೀಟರ್ ಆಳದಲ್ಲಿ. ನೂರು ವರ್ಷ ಕಾದದ್ದಕ್ಕೆ ಸಿಕ್ಕಿದ್ದು ಒಂದಡಿ ಉದ್ದದ ಮರಿ.

ಅದೇ ವರ್ಷ ಪ್ರಕಟವಾದ ಒಂದು ಲೆಕ್ಕದ ಪ್ರಕಾರ, ಆಳಸಮುದ್ರದ ತಳದಲ್ಲಿ ಮನುಷ್ಯ ಇದುವರೆಗೆ ಕಣ್ಣಾರೆ ಕಂಡಿರುವುದು ಶೇಕಡಾ 0.001ಕ್ಕಿಂತ ಕಡಿಮೆ. ನಾನು "ನಿರ್ಜೀವ" ಎಂದು ಬರೆದದ್ದು ಮಿಕ್ಕಿದ್ದರ ಬಗ್ಗೆ.

ಅಮ್ಮ ನಿಂತು ನೋಡಿದ ಆಕ್ಟೋಪಸ್ಸಿಗೆ ಬರುತ್ತೇನೆ. ಮಾಂಟೆರೆ ಕೊಲ್ಲಿಯ ನಡುವೆ, ಮಾಸ್ ಲ್ಯಾಂಡಿಂಗ್ ಎಂಬ ಪುಟ್ಟ ಊರಿನ ದಡದಿಂದಲೇ ನೀರಿನೊಳಗೆ ಒಂದು ಮಹಾಕಂದರ ಶುರುವಾಗುತ್ತದೆ. 2007ರ ಏಪ್ರಿಲ್‌ನಲ್ಲಿ ಅಲ್ಲಿನ ಸಂಶೋಧನಾ ಸಂಸ್ಥೆಯ ರೋಬೋಟು 1,397 ಮೀಟರ್ ಆಳದಲ್ಲಿ ಒಂದು ಹೆಣ್ಣು ಆಕ್ಟೋಪಸ್ ಬಂಡೆಯ ಕಡೆಗೆ ಹೋಗುತ್ತಿದ್ದುದನ್ನು ಕಂಡಿತು. ಮುಂದಿನ ತಿಂಗಳು ಹೋದಾಗ ಅದು ಬಂಡೆಗೆ ಮೊಟ್ಟೆ ಅಂಟಿಸಿ ಮೇಲೆ ಕೂತಿತ್ತು. ಮೈಮೇಲಿನ ಗಾಯದ ಗುರುತುಗಳಿಂದ ಅದೇ ಎಂದು ಖಚಿತವಾಯಿತು. ಮತ್ತೆ ಮತ್ತೆ ಹೋಗಿ ನೋಡಿದರು. ನೀರಿನ ಶಾಖ ಸುಮಾರು 3 ಡಿಗ್ರಿ. ಹತ್ತಿರದಲ್ಲೇ ಏಡಿ ಹಾದುಹೋದರೂ ಹಿಡಿಯಲಿಲ್ಲ. ರೋಬೋಟಿನ ಕೈಯಿಂದ ಏಡಿಯ ತುಂಡು ಚಾಚಿದರೂ ತೆಗೆದುಕೊಳ್ಳಲಿಲ್ಲ. ಮೈಬಣ್ಣ ಬಿಳಚಿತು, ಕಣ್ಣು ಮಬ್ಬಾಯಿತು. 2011ರ ಸೆಪ್ಟೆಂಬರಿನಲ್ಲಿ ಇತ್ತು, ಅಕ್ಟೋಬರಿನಲ್ಲಿ ಇರಲಿಲ್ಲ, ಮೊಟ್ಟೆಯ ಖಾಲಿ ಸಿಪ್ಪೆಗಳಿದ್ದವು. 53 ತಿಂಗಳು. ಇಷ್ಟು ದೀರ್ಘಕಾಲ ಮೊಟ್ಟೆ ಕಾದ ಬೇರೆ ಪ್ರಾಣಿ ಗೊತ್ತಿರಲಿಲ್ಲ.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಊಟ ಬಿಟ್ಟು ನಾಲ್ಕೂವರೆ ವರ್ಷ, ಎಂಥ ತ್ಯಾಗ ನೋಡು ಎಂದೆ. ಅವಳು ಮೆಚ್ಚುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಸಿಟ್ಟು ಬಂತು.

"ತ್ಯಾಗ ಎಂತಕ್ಕೆ ಅಂತೀಯ? ಬೇರೆ ದಾರಿ ಇದ್ದು ಬಿಟ್ರೆ ತ್ಯಾಗ. ಅದಕ್ಕೆ ಬೇರೆ ದಾರಿ ಎಲ್ಲಿತ್ತು? ನಮಗೂ ಹಾಗೇ ಹೇಳಿದ್ರು, ನಾಡಿಗಾಗಿ ತ್ಯಾಗ ಮಾಡಿದವರು ಅಂತ. ಯಾರು ಮಾಡಿದ್ರು ತ್ಯಾಗ? ನೀರು ಬಂತು, ಎದ್ದು ಹೋದ್ವಿ." ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು, "ಅದಕ್ಕೆ ಕೂತ್ಕೊಳ್ಳೋಕೆ ಒಂದು ಕಲ್ಲಾದ್ರೂ ಉಳೀತಲ್ಲ."

ಅಮ್ಮ ಮುಳುಗಡೆಯ ಹುಡುಗಿ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು 1964ರಲ್ಲಿ ಮುಗಿಯಿತು, ಅದಕ್ಕೆ ಮುಂಚಿನ ಬೇಸಿಗೆಯಲ್ಲಿ ಅವಳ ಮನೆಯವರು ಲಾರಿ ಹತ್ತಿದರು. ಅವಳಿಗೆ ಎಂಟು ವರ್ಷ. ನಾ. ಡಿಸೋಜ ಅವರ 'ದ್ವೀಪ' ಓದಿದವರಿಗೆ, ಗಿರೀಶ ಕಾಸರವಳ್ಳಿಯವರು ಮಾಡಿದ ಅದರ ಸಿನಿಮಾ ನೋಡಿದವರಿಗೆ ಮುಳುಗಡೆ ಎಂದರೆ ಏನೆಂದು ನಾನು ಹೇಳಬೇಕಿಲ್ಲ. ಅಮ್ಮನಿಗೆ ನೆನಪಿರುವುದು ನೀರಿಗಿಂತ ಹೆಚ್ಚಾಗಿ ಅದಕ್ಕೆ ಮೊದಲು ಬಂದ ಅಳತೆಯವನು. ಸರಪಳಿ ಹಿಡಿದು ಅಳೆದ, ಜಗಲಿಯ ಮೇಲೆ ಕೂತು ಕಾಫಿ ಕುಡಿದ, ಪುಸ್ತಕದಲ್ಲಿ ಬರೆದುಕೊಂಡ. ಮನೆಗೆ ಇಷ್ಟು, ಅಡಿಕೆ ಮರಕ್ಕೆ ಇಷ್ಟು, ಹಲಸಿನ ಮರಕ್ಕೆ ಇಷ್ಟು. ಎಣಿಸಲು ಬಂದದ್ದನ್ನೆಲ್ಲ ಸರಿಯಾಗಿಯೇ ಎಣಿಸಿದ ಎಂದು ಅಜ್ಜ ಒಪ್ಪುತ್ತಿದ್ದರಂತೆ. ಹೊಳೆದಂಡೆಯ ಕುರುಚಲು ಜಾಗದ ಹತ್ತಿರ ಬಂದಾಗ ಮಾತ್ರ ಒಂದೇ ಪದ ಬರೆದ: ಖರಾಬು. ಬೆಳೆ ಬಾರದ, ಕಂದಾಯವಿಲ್ಲದ ಭೂಮಿಗೆ ಕಂದಾಯ ಇಲಾಖೆಯ ಪದ ಅದು. ಖರಾಬಿಗೆ ಪರಿಹಾರವಿಲ್ಲ.

ಆ ಖರಾಬಿನಲ್ಲಿ ಒಂದು ಅಪ್ಪೆಮಿಡಿ ಮರವಿತ್ತು. ಕರಾವಳಿಯ, ಬಯಲುಸೀಮೆಯ ಓದುಗರಿಗೆ ಒಂದು ಮಾತು: ಅಪ್ಪೆಮಿಡಿ ಎಂದರೆ ಯಾವುದೋ ಮಾವಿನ ಎಳೆಕಾಯಿಯಲ್ಲ. ಮಲೆನಾಡಿನ ಹೊಳೆಸಾಲುಗಳಲ್ಲಿ ತಾನಾಗಿ ಬೆಳೆಯುವ ಮರ, ಒಂದೊಂದು ಮರದ ಮಿಡಿಗೂ ಒಂದೊಂದು ಪರಿಮಳ, ಮರಕ್ಕೆ ಊರಿನ ಹೆಸರು. ಉಪ್ಪಿನಕಾಯಿ ಹಾಕಿದರೆ ಭರಣಿಯಲ್ಲಿ ವರ್ಷಗಟ್ಟಲೆ ಇರುತ್ತದೆ. ಅಜ್ಜಿ ಹೊರಡುವಾಗ ಆ ಮರದ ಓಟೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಹೊಸ ಜಾಗದಲ್ಲಿ ಹೂಳಿದರು. ಗಿಡ ಬಂತು, ಮರವಾಯಿತು, ಮಿಡಿಯೂ ಬಿಟ್ಟಿತು. ಆ ಪರಿಮಳ ಬರಲಿಲ್ಲ. ಬೀಜದಿಂದ ಬಂದ ಮಾವು ತಾಯಿಮರದ ಗುಣವನ್ನೇ ಹೊತ್ತು ಬರುವುದಿಲ್ಲ, ಕಸಿ ಕಟ್ಟಬೇಕಿತ್ತು ಎಂದು ಈಗ ನನಗೆ ಗೊತ್ತು. ಆಗ ಕಸಿ ಕಟ್ಟುವಷ್ಟು ಪುರುಸೊತ್ತು ಯಾರಿಗಿತ್ತು? "ಅಲ್ಲೂ ಕಾಡೇ, ಇಲ್ಲೂ ಕಾಡೇ, ಎಂತ ವ್ಯತ್ಯಾಸ" ಎಂದು ಲಾರಿಯ ಪಕ್ಕ ನಿಂತವನೊಬ್ಬ ಅಜ್ಜನಿಗೆ ಸಮಾಧಾನ ಹೇಳಿದ್ದನಂತೆ.

ಸಮುದ್ರ ದೊಡ್ಡದು, ಒಂದು ಕಡೆ ಕೆರೆದರೆ ಪ್ರಾಣಿಗಳು ಇನ್ನೊಂದು ಕಡೆ ಹೋಗುತ್ತವೆ ಎಂದು ನನ್ನ ಕಸುಬಿನವರು ಹೇಳುವಾಗ ಈಗ ನನಗೆ ಆ ಲಾರಿ ಕಾಣಿಸುತ್ತದೆ.

ಇನ್ನೊಂದು ಕಡೆ ಹೋಗಬಲ್ಲವೆ? ಮಾಂಟೆರೆಯ ನೈರುತ್ಯಕ್ಕೆ ಸುಮಾರು 130 ಕಿಲೋಮೀಟರ್ ದೂರದಲ್ಲಿ ಡೇವಿಡ್‌ಸನ್ ಎಂಬ ಬೆಟ್ಟ ಸಮುದ್ರದೊಳಗಿದೆ. ಆರಿಹೋದ ಜ್ವಾಲಾಮುಖಿ, ಅದರ ತುದಿ ಕೂಡ ನೀರಿನಿಂದ ಮೇಲೆ ಕಾಣುವುದಿಲ್ಲ. 2018ರಲ್ಲಿ ನಾಟಿಲಸ್ ಹಡಗಿನವರು ಅದರ ಬುಡದ ಹತ್ತಿರ 3,200 ಮೀಟರ್ ಆಳದಲ್ಲಿ ಯಂತ್ರ ಇಳಿಸಿದಾಗ ಬಂಡೆಗಳ ಸಂದಿಯಲ್ಲಿ ಮುತ್ತಿನ ಬಣ್ಣದ ಉಂಡೆಗಳು ಕಂಡವು. ಒಂದಲ್ಲ, ಹತ್ತಲ್ಲ. ತಲೆ ಕೆಳಗೆ ಮಾಡಿ, ತೋಳುಗಳನ್ನು ಮೈಸುತ್ತ ಮಡಚಿಕೊಂಡು ಮೊಟ್ಟೆ ಕಾಯುತ್ತಿದ್ದ ಆಕ್ಟೋಪಸ್ಸುಗಳು. ಆಮೇಲೆ ಲೆಕ್ಕ ಹಾಕಿದಾಗ ಎಣಿಕೆಗೆ ಸಿಕ್ಕವೇ ಸುಮಾರು 6,000, ಅಂದಾಜು 20,000 ಇರಬಹುದಂತೆ. ಇಷ್ಟೊಂದು ಒಂದೇ ಕಡೆ ಯಾಕೆ ಸೇರಿವೆ? ಸುತ್ತಲ ನೀರು 1.6 ಡಿಗ್ರಿ. ಆ ಬಂಡೆಗಳ ಸಂದಿಯಿಂದ ಮಾತ್ರ ಬೆಚ್ಚಗಿನ ನೀರು ಒಸರುತ್ತದೆ, ಕೆಲವು ಕಡೆ 11 ಡಿಗ್ರಿಯವರೆಗೂ. ತಣ್ಣೀರಿನಲ್ಲಾದರೆ ಮೊಟ್ಟೆ ಒಡೆಯಲು ಐದಾರು ವರ್ಷ, ಇಲ್ಲವೇ ಇನ್ನೂ ಹೆಚ್ಚು ಹಿಡಿಯಬೇಕಿತ್ತು. ಇಲ್ಲಿ ಎರಡು ವರ್ಷದೊಳಗೆ ಮರಿ ಹೊರಬರುತ್ತದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಂದರೆ ಅವು ಹುಡುಕಿಕೊಂಡು ಬಂದದ್ದು ಸಮುದ್ರವನ್ನಲ್ಲ, ಆ ಸಂದಿಯನ್ನು. ಬಾಣಂತಿಗೆ ಹಂಡೆಯ ಬಿಸಿನೀರಿನ ಬಚ್ಚಲು ಇದ್ದ ಹಾಗೆ ಎಂದಳು ಅಮ್ಮ.

ಇಂಥದೇ ಇನ್ನೊಂದು ಜಾಗದ ಕತೆ ಕೇಳಿ. ಕೋಸ್ಟಾರಿಕಾದ ಆಚೆ, ಸುಮಾರು 3,000 ಮೀಟರ್ ಆಳದ ಬಂಡೆಯೊಂದರ ಮೇಲೆ ಮೊಟ್ಟೆ ಕಾಯುವ ಆಕ್ಟೋಪಸ್ಸುಗಳನ್ನು 2013ರಲ್ಲೇ ಕಂಡಿದ್ದರು. ಚಿತ್ರಗಳನ್ನು ಪರಿಶೀಲಿಸಿದ ವಿಜ್ಞಾನಿಗಳು, ಅಲ್ಲಿನ ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ, ಮೊಟ್ಟೆಗಳು ಬೆಳೆಯುತ್ತಿರುವ ಲಕ್ಷಣವಿಲ್ಲ, ಪಾಪ ತಪ್ಪು ಜಾಗಕ್ಕೆ ಬಂದಿವೆ ಎಂದು 2018ರಲ್ಲಿ ಬರೆದರು. 2023ರಲ್ಲಿ ಮತ್ತೆ ಹೋದಾಗ ಮೊಟ್ಟೆ ಒಡೆದು ಮರಿಗಳು ಈಜಿಹೋಗುತ್ತಿದ್ದವು. ಪ್ರಾಮಾಣಿಕ ವಿಜ್ಞಾನಿಗಳು, ಇದ್ದ ಪುರಾವೆಯಿಂದ ಸರಿಯಾಗಿಯೇ ತರ್ಕಿಸಿದ್ದರು. ಆದರೂ ಅದು ಖರಾಬು ಎಂದು ಬರೆದಂತೆಯೇ ಆಗಿತ್ತು. ಅವರು ಮತ್ತೆ ಹೋಗಿ ನೋಡಿದರು ಎಂಬುದಷ್ಟೇ ಅವರಿಗೂ ಅಳತೆಯವನಿಗೂ ಇದ್ದ ವ್ಯತ್ಯಾಸ. ಸಣ್ಣ ವ್ಯತ್ಯಾಸವಲ್ಲ.

ನನ್ನ ಟಿಪ್ಪಣಿಯಲ್ಲಿದ್ದ "ಬಯಲು" ಯಾವುದೆಂದು ಈಗ ಹೇಳಬೇಕು. ಹವಾಯಿಗೂ ಮೆಕ್ಸಿಕೋಗೂ ನಡುವೆ, ನಾಲ್ಕು, ಐದು ಸಾವಿರ ಮೀಟರ್ ಆಳದಲ್ಲಿ ಆಲೂಗಡ್ಡೆ ಚೆಲ್ಲಿದ ಹಾಗೆ ಕಪ್ಪು ಗಡ್ಡೆಗಳು ಬಿದ್ದಿವೆ. ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್ ಎಲ್ಲ ಅದರಲ್ಲಿದೆ. ಶಾರ್ಕಿನ ಹಲ್ಲೋ ಚಿಪ್ಪಿನ ಚೂರೋ ಒಂದರ ಸುತ್ತ ಲೋಹ ಹೆಪ್ಪುಗಟ್ಟುತ್ತ ಹತ್ತು ಲಕ್ಷ ವರ್ಷಕ್ಕೆ ಕೆಲವು ಮಿಲಿಮೀಟರ್ ಬೆಳೆಯುತ್ತದೆ. ಸುತ್ತ ಎಲ್ಲ ಮೆತ್ತನೆಯ ಕೆಸರು, ಗಟ್ಟಿಯಾದದ್ದು ಗಡ್ಡೆಯೊಂದೇ. ಸ್ಪಂಜುಗಳು ಬೇರೂರಲು ಅದೇ ನೆಲೆ. 2016ರಲ್ಲಿ ಹವಾಯಿ ದ್ವೀಪಸಾಲಿನ ಬಳಿ 4,290 ಮೀಟರ್ ಆಳದಲ್ಲಿ ಬೆಳ್ಳಗೆ, ದೆವ್ವದಂತಿದ್ದ ಒಂದು ಆಕ್ಟೋಪಸ್ ಕಂಡಿತು, ಜನ ಅದಕ್ಕೆ ಕಾರ್ಟೂನಿನ ಪುಟ್ಟ ದೆವ್ವ ಕ್ಯಾಸ್ಪರ್‌ನ ಹೆಸರಿಟ್ಟರು. ಅದೇ ವರ್ಷ ಜರ್ಮನಿಯ ಸಂಶೋಧಕರು ಪೆರುವಿನ ಆಚೆಯ ಸಮುದ್ರದಿಂದ ಇನ್ನೊಂದು ಸಂಗತಿ ವರದಿ ಮಾಡಿದರು. ಅಂಥವೇ ಆಕ್ಟೋಪಸ್ಸುಗಳು ಸತ್ತ ಸ್ಪಂಜುಗಳ ಕಡ್ಡಿಗೆ ಮೊಟ್ಟೆ ಅಂಟಿಸಿ ಕಾಯುತ್ತವೆ. ಆ ಸ್ಪಂಜು ನಿಂತಿರುವುದು ಗಡ್ಡೆಯ ಮೇಲೆ. ಗಡ್ಡೆ ತೆಗೆದರೆ ಸ್ಪಂಜಿಲ್ಲ, ಸ್ಪಂಜಿಲ್ಲದಿದ್ದರೆ ಮೊಟ್ಟೆಗೆ ಕಡ್ಡಿಯಿಲ್ಲ.

ಅಲ್ಲೇ, ಪೆರುವಿನ ಆಚೆ, 1989ರಲ್ಲಿ ವಿಜ್ಞಾನಿಗಳು ಪರೀಕ್ಷೆಗೆಂದು ತಳವನ್ನು ಒಂದು ನೇಗಿಲಿನಿಂದ ಉತ್ತಿದ್ದರು. ಗಣಿ ಮಾಡಿದರೆ ಏನಾದೀತು ಎಂದು ನೋಡಲು. 26 ವರ್ಷದ ನಂತರ, 2015ರಲ್ಲಿ ಹೋದಾಗ ನೇಗಿಲ ಗೆರೆಗಳು ನಿನ್ನೆ ಉತ್ತ ಹಾಗೆ ಇದ್ದವು.

ಇದು ಅಮೆರಿಕದವರ ಗೊಡವೆ ಎಂದು ಊರಿನ ಓದುಗರು ಪುಟ ತಿರುಗಿಸಬೇಡಿ. ಮಧ್ಯ ಹಿಂದೂ ಮಹಾಸಾಗರದಲ್ಲಿ 75,000 ಚದರ ಕಿಲೋಮೀಟರಿನಲ್ಲಿ ಇಂಥದೇ ಗಡ್ಡೆಗಳನ್ನು ಶೋಧಿಸುವ ಹಕ್ಕು ಭಾರತಕ್ಕಿದೆ. ನಮ್ಮವರು 2021ರಲ್ಲಿ ಅಲ್ಲಿ 5,270 ಮೀಟರ್ ಆಳಕ್ಕೆ ಇಳಿಸಿ ಪರೀಕ್ಷಿಸಿದ ಯಂತ್ರದ ಹೆಸರು ವರಾಹ. ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯಲು ಸಿದ್ಧವಾಗುತ್ತಿರುವ ವಾಹನದ ಹೆಸರು ಮತ್ಸ್ಯ. ಹೆಸರಿಡುವುದರಲ್ಲಿ ನಮ್ಮನ್ನು ಮೀರಿಸಿದವರಿಲ್ಲ. ಪುರಾಣದ ವರಾಹ ಮಾತ್ರ ಕಡಲ ತಳಕ್ಕೆ ಇಳಿದದ್ದು ಮುಳುಗಿದವಳನ್ನು ಮೇಲೆತ್ತಲು.

ಸಾಗರದ ತಳ "ಮಾನವಕುಲದ ಸಮಾನ ಸ್ವತ್ತು" ಎಂದು 1982ರ ಅಂತಾರಾಷ್ಟ್ರೀಯ ಒಪ್ಪಂದ ಹೇಳುತ್ತದೆ. ಅಮೆರಿಕ ಅದನ್ನು ಅಂಗೀಕರಿಸಿಲ್ಲ. 2025ರ ಏಪ್ರಿಲ್‌ನಲ್ಲಿ ಇಲ್ಲಿನ ಅಧ್ಯಕ್ಷರು ತಳದ ಗಣಿಗಾರಿಕೆಗೆ ವೇಗ ಕೊಡುವ ಆದೇಶ ಹೊರಡಿಸಿದರು. 30ಕ್ಕೂ ಹೆಚ್ಚು ದೇಶಗಳು ಸದ್ಯ ಬೇಡ, ತಡೆಯಿರಿ ಎನ್ನುತ್ತಿವೆ. "ಸಮಾನ ಸ್ವತ್ತು" ಎನ್ನುವುದು ದೊಡ್ಡ ಮನಸ್ಸಿನ ಮಾತೇ. ಬಡದೇಶಗಳಿಗೂ ಪಾಲು ಸಿಗಲಿ ಎಂದು ಬಂದದ್ದು. ಆದರೂ ಅದು ಸ್ವತ್ತಿನ ಪಾಲುದಾರರನ್ನು ಕುರಿತ ಮಾತು. ವಾಸ ಇರುವವರ ಬಗ್ಗೆ ಅಲ್ಲ.

ನನ್ನ ಜೊತೆ ಕೆಲಸ ಮಾಡುವ ಗೆಳೆಯನೊಬ್ಬನಿದ್ದಾನೆ, ಧಾರವಾಡದ ಕಡೆಯವನು. ಇದನ್ನೆಲ್ಲ ಅವನಿಗೆ ಹೇಳಿದಾಗ ಅವನು ಒಪ್ಪಲಿಲ್ಲ. "ಲೇ, ಜಗತ್ತಿನ ಕೋಬಾಲ್ಟ್ ಅರ್ಧಕ್ಕಿಂತ ಹೆಚ್ಚು ಕಾಂಗೋದಿಂದ ಬರ್ತದ. ಅಲ್ಲಿ ಸಣ್ಣ ಹುಡುಗ್ರು ಮಣ್ಣಾಗ ಇಳಿದು ಅಗೀತಾರ. ನಿನಗ ಆ ಹುಡುಗನಕಿಂತ ಎಂಟು ಕಾಲಿನ ಹುಳಾ ದೊಡ್ಡದೇನು? ನಿನ್ನ ಖರಾಬಿನ ದುಃಖ ನನಗ ತಿಳೀತದ. ಆದ್ರ ನೀ ಓದಿದ್ದು ಯಾವ ದೀಪದ ಬೆಳಕಿನಾಗ?"

ಈ ಪ್ರಶ್ನೆಗೆ ನಾನು ಸುಲಭವಾಗಿ ಉತ್ತರಿಸಲಾರೆ. ಶರಾವತಿಯ ನೀರಿನಿಂದ 1,035 ಮೆಗಾವ್ಯಾಟಿನ ಒಂದೇ ವಿದ್ಯುದಾಗಾರ ನಡೆಯುತ್ತದೆ. ಬೆಂಗಳೂರಿನ ಕಾರ್ಖಾನೆಗಳು, ನನ್ನ ಹಾಸ್ಟೆಲಿನ ಟ್ಯೂಬ್‌ಲೈಟು, ಕೊನೆಗೆ ಈ ದೇಶಕ್ಕೆ ಬಂದ ನನ್ನ ವೀಸಾ ಕೂಡ ಆ ನೀರಿಗೆ ಸ್ವಲ್ಪ ಋಣಿ. ಅಣೆಕಟ್ಟು ಕಟ್ಟಲೇಬಾರದಿತ್ತು ಎಂದು ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಅಮ್ಮನೂ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ. ಕಾಂಗೋದ ಹುಡುಗನನ್ನೂ ಮೊಟ್ಟೆ ಕಾಯುವ ಆಕ್ಟೋಪಸ್ಸನ್ನೂ ತಕ್ಕಡಿಯಲ್ಲಿ ಇಟ್ಟರೆ ನಾನು ಹುಡುಗನ ಕಡೆಗೇ. ಅದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಆ ತಕ್ಕಡಿಯನ್ನು ಹಿಡಿದವರು ಯಾರು ಎಂದು ನೋಡಿದೆ. ಸಮುದ್ರದ ಗಡ್ಡೆ ಮೇಲೆ ಬಂದ ದಿನ ಕಾಂಗೋದ ಗಣಿ ಮುಚ್ಚುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ. ಎರಡೂ ನಡೆಯಬಹುದು, ಬೆಲೆ ಇಳಿದು ಆ ಹುಡುಗನ ಕೂಲಿಯೂ ಇಳಿಯಬಹುದು. ಅತ್ತ ನಿಕ್ಕಲ್, ಕೋಬಾಲ್ಟ್ ಎರಡೂ ಬೇಡದ ಕಬ್ಬಿಣ, ರಂಜಕದ ಬ್ಯಾಟರಿಗಳು ಈಗಾಗಲೇ ಲಕ್ಷಾಂತರ ಕಾರುಗಳಲ್ಲಿ ಓಡುತ್ತಿವೆ. ಹುಡುಗನನ್ನು ತೋರಿಸಿ ಆಕ್ಟೋಪಸ್ಸಿನ ಮನೆ ಕೇಳುವವರು ಹುಡುಗನಿಗೆ ಏನು ಕೊಡುತ್ತಾರೆ ಎಂದು ಮೊದಲು ಹೇಳಲಿ. ಗೆಳೆಯನಿಗೆ ಇಷ್ಟು ಹೇಳಿದೆ. ಅವನು "ನೋಡೂಣು" ಎಂದ. ವಾದ ಅಲ್ಲಿಗೆ ನಿಂತಿದೆ.

ನನ್ನನ್ನು ಕಾಡುವುದು ತೂಕದ ಪ್ರಶ್ನೆಯಲ್ಲ. ತೂಗಿ ನೋಡಿ, ತಿಳಿದು, ನಷ್ಟವನ್ನು ನಷ್ಟವೆಂದೇ ಕರೆದು ಒಂದನ್ನು ತೆಗೆದುಕೊಳ್ಳುವುದು ಒಂದು ಬಗೆ. ತೆಗೆದುಕೊಳ್ಳುವ ಮೊದಲು ಅದನ್ನು ಖಾಲಿ ಎಂದು ಬರೆದು, ತೆಗೆದುಕೊಂಡ ಮೇಲೆ ಕಳೆದುಕೊಂಡವರನ್ನು ತ್ಯಾಗಿಗಳೆಂದು ಹಾರ ಹಾಕುವುದು ಇನ್ನೊಂದು ಬಗೆ. ಅಜ್ಜನಿಗೆ ನೋವಾದದ್ದು ಎರಡನೆಯದರಿಂದ. ಪರಿಹಾರದ ಹಣ ಕಡಿಮೆಯಾಯಿತೆಂದು ಅವರು ಅಷ್ಟಾಗಿ ಹೇಳುತ್ತಿರಲಿಲ್ಲವಂತೆ. ಆ ಮರವಿದ್ದ ಜಾಗಕ್ಕೆ ಖರಾಬು ಎಂದು ಬರೆದದ್ದನ್ನು ಸಾಯುವವರೆಗೆ ಹೇಳುತ್ತಿದ್ದರು.

ಹಾಗಾದರೆ ಗೊತ್ತಿಲ್ಲದ್ದನ್ನು ಕಾಯುವುದು ಹೇಗೆ, ಕಾಣದವರ ಮನೆಗೆ ಬೇಲಿ ಹಾಕುವುದು ಹೇಗೆ ಎಂದು ಕೇಳಬಹುದು. ಡೇವಿಡ್‌ಸನ್ ಬೆಟ್ಟವನ್ನೇ ನೋಡಿ. ಅದನ್ನು ಮಾಂಟೆರೆ ಕೊಲ್ಲಿಯ ಸಂರಕ್ಷಿತ ಸಾಗರಧಾಮಕ್ಕೆ ಸೇರಿಸುವ ತೀರ್ಮಾನವಾದದ್ದು 2008ರಲ್ಲಿ. ಅಲ್ಲಿ ಹಳೆಯ ಹವಳಗಳಿವೆ, ಸ್ಪಂಜುಗಳಿವೆ ಎಂಬುದಷ್ಟೇ ಆಗ ತಿಳಿದಿತ್ತು. ಬುಡದಲ್ಲಿ ಸಾವಿರಾರು ತಾಯಂದಿರು ಕೂತಿರುವ ವಿಚಾರ ಹತ್ತು ವರ್ಷ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಅವರ ಮನೆ ಕಾನೂನಿನ ಒಳಗಿತ್ತು. ಯಾರೋ ಸರ್ಕಾರಿ ನೌಕರರು, ತಾವು ಕಾಣದ್ದು ಇನ್ನೇನೋ ಅಲ್ಲಿರಬಹುದು ಎಂದು ಗಡಿಯನ್ನು ಸ್ವಲ್ಪ ಅಗಲವಾಗಿ ಎಳೆದಿರಬೇಕು ಎಂದು ನಾನು ಊಹಿಸಿಕೊಳ್ಳುತ್ತೇನೆ. ಆ ಅಳತೆಯವರನ್ನು ಕಂಡರೆ ನಮಸ್ಕಾರ ಹೇಳಬೇಕು.

ಅಮ್ಮನನ್ನು ವಾಪಸು ಕರೆತರುವಾಗ ಮಾಸ್ ಲ್ಯಾಂಡಿಂಗ್‌ನ ದಡದಲ್ಲಿ ಕಾರು ನಿಲ್ಲಿಸಿದ್ದೆ. ಒಂದು ಕಡೆ ಸಂಶೋಧನಾ ಸಂಸ್ಥೆ, ಇನ್ನೊಂದು ಕಡೆ ಹಳೆಯ ವಿದ್ಯುದಾಗಾರದ ಎರಡು ಎತ್ತರದ ಚಿಮಣಿ, ಅದರ ಬುಡದಲ್ಲಿ ಬ್ಯಾಟರಿಗಳ ಬೃಹತ್ ಸಂಗ್ರಹಾಗಾರ. ಮುಂದೆ 2025ರ ಜನವರಿಯಲ್ಲಿ ಅದಕ್ಕೆ ಬೆಂಕಿ ಬಿದ್ದು ಸುತ್ತಲಿನವರನ್ನು ಮನೆ ಬಿಡಿಸಿದರು. ಅವತ್ತು ಎಲ್ಲ ಶಾಂತವಾಗಿತ್ತು. ಅಮ್ಮ ಚಪ್ಪಲಿ ಬಿಟ್ಟು ನೀರಿನಲ್ಲಿ ನಿಂತಳು. "ಇಲ್ಲಿಂದ್ಲೇ ಶುರುವಾ ಆ ಕಂದರ?" ಎಂದು ಕೇಳಿದಳು. ಹೌದೆಂದೆ. ಒಂದು ಹೆಜ್ಜೆ ಹಿಂದೆ ಸರಿದಳು.

ಸೋಮವಾರ ಆಫೀಸಿಗೆ ಹೋಗಿ ಟಿಪ್ಪಣಿಯ ಆ ಸಾಲನ್ನು ತೆಗೆದು, ಅಲ್ಲಿ ಏನಿದೆ ಎಂದು ಗೊತ್ತಿರುವಷ್ಟನ್ನು ಬರೆದೆ. ಒಂದು ಸಾಲು ಇದ್ದದ್ದು ಒಂದೂವರೆ ಪುಟವಾಯಿತು. ಉದ್ದವಾಯಿತು, ಅನುಬಂಧಕ್ಕೆ ಹಾಕು ಎಂದರು. ಹಾಕಿದೆ. ಅನುಬಂಧವನ್ನು ಯಾರಾದರೂ ಓದಿದರೋ ಇಲ್ಲವೋ.

ಕಳೆದ ಬೇಸಿಗೆ ಫೋನಿನಲ್ಲಿ ಅಮ್ಮ ಹೇಳಿದಳು, ಹಿನ್ನೀರು ತುಂಬಾ ಇಳಿದಿದೆಯಂತೆ, ಮರದ ಬೊಡ್ಡೆಗಳೆಲ್ಲ ಕಾಣುತ್ತಿವೆಯಂತೆ. ತಮ್ಮನ ಜೊತೆ ಹೋಗಿದ್ದಳು. ಅಪ್ಪೆಮಿಡಿ ಮರದ ಜಾಗ ಗೊತ್ತಾಯ್ತಾ ಎಂದು ಕೇಳಿದೆ. "ಬೊಡ್ಡೆ ನೋಡಿ ಎಂತ ಗೊತ್ತಾಗ್ತದೆ ಮಾರಾಯ, ಎಲ್ಲಾ ಒಂದೇ ಥರ ಕರ್ರಗೆ" ಎಂದಳು. ಆಮೇಲೆ, ಫೋನು ಇಡುವ ಮೊದಲು, "ಅಲ್ದಾ, ಆ ಬಿಸಿನೀರಲ್ಲಿ ಕೂತವು ಇನ್ನೂ ಅಲ್ಲೇ ಇದಾವಾ?" ಎಂದು ವಿಚಾರಿಸಿದಳು.

ಇದ್ದಾವೆ ಎಂದೆ.